ಕರುವಿನ ಹೊಕ್ಕುಳಲ್ಲಿ ಕೈಗೆ ಸಿಗುವ ಉಂಗುರ

ಎಳೆಗರುವಿನ ಹೊಕ್ಕುಳು ಊದಿಕೊಂಡಿದ್ದರೆ ಅದನ್ನು ಚುಚ್ಚಬೇಡಿ, ಬರೆ ಹಾಕಿಸಬೇಡಿ, ದಾರ ಬಿಗಿದು ಕಟ್ಟಲೂಬೇಡಿ. ತೊಗಲಿನ ಅಡಿಯಲ್ಲಿರುವುದು ಬರೀ ಕೀವಾಗಿರಬಹುದು, ಕರುಳೂ ಆಗಿರಬಹುದು. ಕೀವೆಂದು ತಿಳಿದು ಕರುಳಿಗೆ ಬ್ಲೇಡು ತಾಗಿಸಿದರೆ ಕರು ಉಳಿಯುವುದು ಕಷ್ಟ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಒಂದು ಕಾಲಕ್ಕೆ ಹಳ್ಳಿಕಾರ್ ಎತ್ತುಗಳದ್ದೇ ಮಾತು. ಈಗ ಡೈರಿಗೆ ಹಾಲು ಹಾಕುವ ಕೊಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವುದು ಕಪ್ಪು-ಬಿಳಿ ಸೀಮೆಹಸು, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ. ಹೊಕ್ಕುಳ ಹರ್ನಿಯಾ ಹೆಚ್ಚಾಗಿ ಕಾಡುವ ತಳಿಯೂ ಇದೇ.

ಗರ್ಭದಲ್ಲಿರುವಾಗ ಕರುವಿನ ಹೊಟ್ಟೆಯ ಗೋಡೆಯಲ್ಲಿ ಒಂದು ದಾರಿ ತೆರೆದಿರುತ್ತದೆ. ಪಿತ್ತಜನಕಾಂಗದತ್ತ ಹೋಗುವ ಒಂದು ಅಭಿಧಮನಿ, ಎರಡು ಅಪಧಮನಿಗಳು, ಮೂತ್ರಕೋಶದಿಂದ ಬರುವ ಒಂದು ಕೊಳವೆ, ಎಲ್ಲವೂ ಹಾಯುವುದು ಅದರೊಳಗೇ. ಹುಟ್ಟಿದ ಕೆಲವೇ ದಿನಗಳಲ್ಲಿ ಆ ದಾರಿ ಮುಚ್ಚಿಕೊಳ್ಳಬೇಕು. ವಂಶದ ದೋಷದಿಂದಲೋ, ಹೊಕ್ಕುಳಿಗೆ ಸೋಂಕು ತಗುಲಿಯೋ ಮುಚ್ಚದೆ ಉಳಿದರೆ ಒಳಗಿನದು ತೊಗಲಿನಡಿಯ ಚೀಲಕ್ಕೆ ಜಾರುತ್ತದೆ; ಇದೇ ಹರ್ನಿಯಾ. ಎಳೆಗರುವಿನ ನಾಲ್ಕು ಹೊಟ್ಟೆಗಳಲ್ಲಿ ದೊಡ್ಡದು ನಾಲ್ಕನೆಯದು; ಅದು ಹೊಕ್ಕುಳಿನ ಹತ್ತಿರವೇ ತಳ ಹಿಡಿದು ಮಲಗಿರುತ್ತದೆ. ಹಾಗಾಗಿ ಚೀಲದೊಳಗೆ ಎಷ್ಟೋ ಸಲ ಸಿಗುವುದು ಅದು, ಇಲ್ಲವೇ ಕೊಬ್ಬಿನ ಪೊರೆ.

ವೈದ್ಯರು ಮೊದಲು ನೋಡುವುದು ಬೆರಳಿನಿಂದ. ಕರುವನ್ನು ಬೆನ್ನ ಮೇಲೆ ಮಲಗಿಸಿ ಊತವನ್ನು ಮೆಲ್ಲಗೆ ಅದುಮುತ್ತಾರೆ. ಒಳಗಿದ್ದದ್ದು ಹಿಂದಕ್ಕೆ ಸರಿದು, ಬೆರಳ ತುದಿಗೆ ಆ ಮುಚ್ಚದ ದಾರಿಯ ಗಟ್ಟಿಯಾದ ಉಂಗುರದಂಥ ಅಂಚು ತಾಗಿದರೆ ಅದು ಹರ್ನಿಯಾ. ಬಿಸಿಯಾಗಿದ್ದು, ಮುಟ್ಟಿದರೆ ನೋಯುತ್ತಾ, ಹಿಂದಕ್ಕೆ ಹೋಗದಿದ್ದರೆ ಕೀವು ತುಂಬಿರಬಹುದು, ಇಲ್ಲವೇ ಕರುಳು ಸಿಕ್ಕಿಕೊಂಡಿರಬಹುದು. ಕರು ಹಾಲು ಬಿಟ್ಟು ಹೊಟ್ಟೆ ಒದ್ದುಕೊಳ್ಳುತ್ತಿದ್ದರೆ ಆ ದಿನವೇ ಆಸ್ಪತ್ರೆ ಸೇರಬೇಕು. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಸಂಚಾರಿ ಪಶು ಚಿಕಿತ್ಸಾ ವಾಹನ ಬೇಕಾದರೆ 1962 ಸಂಖ್ಯೆಗೆ ಕರೆ ಮಾಡಬಹುದು.

ಒಂದೆರಡು ಬೆರಳು ಹಿಡಿಸುವ ಉಂಗುರ ಕೆಲವು ತಿಂಗಳಲ್ಲಿ ತಾನೇ ಮುಚ್ಚಿಕೊಳ್ಳುವುದುಂಟು. 5 ಸೆಂಟಿಮೀಟರ್ ದಾಟಿದ್ದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಅದನ್ನು ಮುಂದೂಡುತ್ತಾ ಹೋಗುವುದು ನನಗೆ ಸರಿಯೆನಿಸದು. ಕರು ಬೆಳೆದಂತೆ ಹೊಟ್ಟೆಯ ಭಾರವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ.

ಶಸ್ತ್ರಚಿಕಿತ್ಸೆಗೆ ಮೊದಲು ಹಾಲು, ಮೇವು ನಿಲ್ಲಿಸಿ ಹೊಟ್ಟೆ ಹಗುರ ಮಾಡುತ್ತಾರೆ. ಮಂಪರಿಗೆ ಕೊಡುವ ಜೈಲಾಜಿನ್ ದನಗಳಿಗೆ ಬಲು ಬೇಗ ಹತ್ತುತ್ತದೆ, ಕುದುರೆಗೆ ಕೊಡುವುದರ ಹತ್ತನೇ ಒಂದು ಪಾಲು ಸಾಕು. ಊತದ ಸುತ್ತ ಲಿಗ್ನೋಕೇನ್ ಚುಚ್ಚಿ ಮರಗಟ್ಟಿಸುತ್ತಾರೆ. ಆಮೇಲೆ ತೊಗಲು ಬಿಡಿಸಿ, ಚೀಲವನ್ನು ಸುತ್ತಲಿಂದ ಬೇರ್ಪಡಿಸಿ, ಒಳಗಿನದನ್ನು ಹೊಟ್ಟೆಗೆ ಸೇರಿಸುತ್ತಾರೆ. ಹೋರಿಗರುವಾದರೆ ಮೂತ್ರದ ದಾರಿ ಅಲ್ಲೇ ಹಿಂದಿರುತ್ತದೆ, ಕತ್ತರಿ ಇನ್ನಷ್ಟು ಎಚ್ಚರ ಕೇಳುತ್ತದೆ.

ಉಂಗುರ ಮುಚ್ಚುವ ಒಂದು ವಿಧಾನ ಮನುಷ್ಯರ ಚಿಕಿತ್ಸೆಯಿಂದ ಬಂದದ್ದು. 1901ರಲ್ಲಿ ಅಮೆರಿಕದ ವಿಲಿಯಂ ಮೇಯೊ ಇದನ್ನು ಪ್ರಕಟಿಸಿದರು. ಎರಡು ಅಂಚುಗಳನ್ನು ಎದುರುಬದುರು ಕೂಡಿಸದೆ, ಪಂಚೆ ಉಡುವಾಗ ಒಂದು ಅಂಚನ್ನು ಇನ್ನೊಂದರ ಮೇಲೆ ಹೊದಿಸುವಂತೆ ಹೊದಿಸಿ ಹೊಲಿಯುವುದು. ಅಂಚುಗಳು ಅಷ್ಟು ದೂರ ಎಳೆದು ಬರದಿದ್ದರೆ ಪಾಲಿಪ್ರೊಪಿಲೀನ್ ಬಲೆಯ ತುಂಡನ್ನು ಕೂರಿಸುತ್ತಾರೆ. ಅದರ ಕಣ್ಣುಗಳೊಳಗೆ ಕರುವಿನ ಸ್ವಂತ ನಾರಿನ ಅಂಗಾಂಶ ಬೆಳೆದು ಹೊಸ ಗೋಡೆಯಾಗುತ್ತದೆ.

ತೊಗಲಿನ ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಒಣಗಿದ ಜಾಗ, ಮಿತವಾದ ಮೇವು, ಓಡಾಟಕ್ಕೆ ತಡೆ. ಮುಂದಿನ ಕರುವಿಗೆ ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ, ಗಿಣ್ಣುಹಾಲು ಕುಡಿಸಿದರೆ ಸೋಂಕಿನ ಭಯ ಅರ್ಧ ಕಳೆಯಿತು.

ವಂಶದ ಮಾತು ಬೇರೆ. ಒಂದು ಹೋರಿಯ ವೀರ್ಯದ ಕಡ್ಡಿಗಳು ಸಾವಿರಾರು ಕೊಟ್ಟಿಗೆಗಳಿಗೆ ಹೋಗುತ್ತವೆ. ಅದರಲ್ಲಿ ದೋಷವಿದ್ದರೆ ಅದು ಒಬ್ಬ ರೈತನಿಗೆ ಕಾಣುವುದಿಲ್ಲ, ಲೆಕ್ಕ ಒಂದೆಡೆ ಸೇರಿದಾಗಲೇ ಕಾಣುವುದು. ಹರ್ನಿಯಾದ ಕರು ಹುಟ್ಟಿದರೆ, ಕೃತಕ ಗರ್ಭಧಾರಣೆಯ ಕಾರ್ಡಿನಲ್ಲಿರುವ ಹೋರಿಯ ಸಂಖ್ಯೆಯನ್ನು ಪಶುವೈದ್ಯರಿಗೆ ತೋರಿಸಿ. ಶಸ್ತ್ರಚಿಕಿತ್ಸೆಯಾದ ಹೋರಿಗರುವನ್ನು ಮಾತ್ರ ಯಾವ ಕಾರಣಕ್ಕೂ ಬೀಜದ ಹೋರಿಯಾಗಿ ಬಿಡಬೇಡಿ.