ಸಮುದ್ರಮಾರ್ಗದಿಂದ ಚಿನ್ನದ ಗಣಿಗೆ: ವಿದ್ಯುದ್ಯಂತ್ರಗಳ ಸಾಗಣೆಯ ವಿವೇಚನೆ

ಕೋಲಾರ ಚಿನ್ನದ ಗಣಿಗಳ ಚರಿತ್ರೆಯಲ್ಲಿ 1902ನೆಯ ಇಸವಿ ಜೂನ್ 30ನೆಯ ದಿನ ಸ್ಮರಣೀಯವಾದುದು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪನ್ನವಾದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿ ದೂರವನ್ನು ಕ್ರಮಿಸಿ ಅಂದು ಗಣಿಗಳನ್ನು ತಲಪಿತು. ಈ ಯೋಜನೆಯ ಪ್ರವರ್ತಕರ ದೂರದೃಷ್ಟಿಯನ್ನು ನಮ್ಮವರು ಕೊಂಡಾಡಿದ್ದಾರೆ, ಅದು ಉಚಿತವೇ. ಆದರೆ ಆ ಯಂತ್ರಗಳು ಸಾಗರಗಳನ್ನು ದಾಟಿ ಇಲ್ಲಿಗೆ ಬರಬೇಕಾದರೆ ಏನೇನು ನಡೆಯಬೇಕಾಗಿತ್ತೆಂಬ ಪ್ರಶ್ನೆ ಹಿಂದೆ ಉಳಿದಿದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ. ಹಡಗಿನ ಪ್ರಯಾಣ ಎಷ್ಟೇ ದೀರ್ಘವಾದರೂ, ಇಂತಹ ಸಾಗಣೆಯ ಮಿತಿಯನ್ನು ನಿರ್ಣಯಿಸುವುದು ಸಮುದ್ರವಲ್ಲ, ನೆಲದ ಮೇಲಿನ ಅತ್ಯಂತ ಕಿರಿದಾದ ದಾರಿ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಹಿನ್ನೆಲೆ. ಗಣಿಗಳ ಯಂತ್ರಗಳು ಅಲ್ಲಿಯವರೆಗೆ ಹಬೆಯಿಂದ ನಡೆಯುತ್ತಿದ್ದವು. ಅದಕ್ಕೆ ಬೇಕಾದ ಕಲ್ಲಿದ್ದಲನ್ನು ದೂರದಿಂದ ತರಿಸಬೇಕಾಗಿತ್ತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಮೈಸೂರು ಸಂಸ್ಥಾನದ ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರು ಕಾವೇರಿಯ ಶಕ್ತಿಯನ್ನು ಗಣಿಗಳಿಗೆ ಒಯ್ಯುವ ಯೋಜನೆಯನ್ನು ರೂಪಿಸಿದರು. ಯಂತ್ರಗಳ ವಿಚಾರವಾಗಿ ಯುರೋಪು ಅಮೆರಿಕಗಳಿಗೂ ಹೋಗಿಬಂದರು. ವಿದ್ಯುದ್ಯಂತ್ರಗಳ ಗುತ್ತಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೂ, ಜಲಚಕ್ರಗಳ ಗುತ್ತಿಗೆ ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಗೂ ಸಂದಿತು. ಆದಿಯಲ್ಲಿ ತಲಾ 720 ಕಿಲೋವಾಟಿನ ಆರು ಜನಕಯಂತ್ರಗಳು ಸ್ಥಾಪಿತವಾದವು. ಹೀಗೆ ಎರಡು ಖಂಡಗಳಲ್ಲಿ ತಯಾರಾದ ಭಾಗಗಳು ಮೂರನೆಯ ಖಂಡದ ಒಂದು ಜಲಪಾತದ ಬಳಿ ಒಂದಕ್ಕೊಂದು ಕೂಡಿಕೊಳ್ಳಬೇಕಾಗಿತ್ತು.

ವಿದ್ಯುದ್ಯಂತ್ರಕ್ಕೆ ಸಮುದ್ರದಲ್ಲಿ ಮುಖ್ಯ ಶತ್ರು ಅಲೆಯಲ್ಲ, ತೇವ. ತಂಪಾದ ದೇಶದಲ್ಲಿ ಹೇರಿದ ಲೋಹದ ಸರಕು ಉಷ್ಣಸಮುದ್ರವನ್ನು ಹೊಕ್ಕಾಗ ಹೊರಗಿನ ಬಿಸಿಗಾಳಿ ಅದರ ತಣ್ಣನೆಯ ಮೈಗೆ ತಗುಲಿ ನೀರಾಗಿ ಇಳಿಯುತ್ತದೆ. ಬೇಸಗೆಯಲ್ಲಿ ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಈ ಬೆವರಿಗೆ ಉಪ್ಪುಗಾಳಿಯೂ ಸೇರಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಸುರುಳಿಗಳ ತಾಮ್ರದ ತಂತಿಗೆ ಸುತ್ತಿದ ಹತ್ತಿಯೂ ಕಾಗದವೂ ತೇವವನ್ನು ಹೀರಿ ವಿದ್ಯುತ್ತನ್ನು ತಡೆಯುವ ಗುಣವನ್ನು ಕಳೆದುಕೊಳ್ಳುತ್ತವೆ. ಅಂತಹ ಯಂತ್ರವನ್ನು ಹಾಗೆಯೇ ಚಾಲನೆ ಮಾಡಿದರೆ ಸುರುಳಿ ಸುಟ್ಟುಹೋಗುವುದು. ಆದುದರಿಂದ ಅಂದಿನ ವಾಡಿಕೆಯಲ್ಲಿ ಸೂಕ್ಷ್ಮ ಸರಕನ್ನು ತಗಡಿನ ಒಳಹೊದಿಕೆಯುಳ್ಳ ಮರದ ಪೆಟ್ಟಿಗೆಯಲ್ಲಿಟ್ಟು ಬೆಸುಗೆ ಹಾಕುತ್ತಿದ್ದರು. ಸುರುಳಿಗಳನ್ನು ಸ್ಥಾಪನೆಯ ಸ್ಥಳದಲ್ಲಿ ಮೆಲ್ಲಗೆ ಕಾಯಿಸಿ ಒಣಗಿಸಿದ ಮೇಲೆಯೇ ಪೂರ್ಣ ವಿದ್ಯುತ್ತನ್ನು ಹರಿಸುತ್ತಿದ್ದರು. ಒಂದು ಬಿಡಿಭಾಗ ಒಡೆದರೆ ಬದಲಿ ಬರಲು ತಿಂಗಳುಗಳೇ ಬೇಕಾದುದರಿಂದ, ಒಡೆಯಬಹುದಾದುದನ್ನು ಮೊದಲೇ ಹೆಚ್ಚಾಗಿ ತರಿಸುವುದು ವಿವೇಕವೆನಿಸಿತ್ತು.

ಇನ್ನು ನೆಲದ ದಾರಿ. ಮದರಾಸಿನಿಂದ ಬೆಂಗಳೂರಿಗೆ ಬರುವ ಬ್ರಾಡ್ ಗೇಜ್ ರೈಲು ಅಂದು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯ ಮೂಲಕ ಹಾದುಬರುತ್ತದೆ. ಅಲ್ಲಿಂದ ಮಾರಿಕುಪ್ಪಂವರೆಗೆ 10 ಮೈಲಿಯ ಕವಲುದಾರಿ 1894ರಲ್ಲಿಯೇ ತೆರೆದಿತ್ತು. ಅದೂ ಬ್ರಾಡ್ ಗೇಜ್ ಆದುದರಿಂದ ಮದರಾಸಿನಲ್ಲಿ ಹೇರಿದ ಬಂಡಿಯು ಸರಕನ್ನು ನಡುವೆ ಇಳಿಸದೆ ಗಣಿಯ ಬಾಗಿಲಿಗೇ ಬರಬಹುದಾಗಿತ್ತು. ಶಿವನಸಮುದ್ರಕ್ಕೆ ಈ ಸೌಕರ್ಯವಿರಲಿಲ್ಲ. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಇದ್ದುದು ಮೀಟರ್ ಗೇಜ್. ಬೆಂಗಳೂರಿನಲ್ಲಿ ಸರಕು ಬಂಡಿ ಬದಲಿಸಬೇಕು. ಹತ್ತಿರದ ನಿಲ್ದಾಣವಾದ ಮದ್ದೂರಿನಿಂದ ಮಳವಳ್ಳಿಯ ಮಾರ್ಗವಾಗಿ ಮತ್ತೆ ಸುಮಾರು 30 ಮೈಲಿ ರಸ್ತೆ. ಅಲ್ಲಿ ಗಾಡಿಗಳೂ ಆನೆಗಳೂ ಹೊರೆಯನ್ನು ಎಳೆದವು. ಸಾವಿರಾರು ಟನ್ನು ಹೊರುವ ಹಡಗಿಗೆ ಜನಕಯಂತ್ರವೊಂದು ಲೆಕ್ಕಕ್ಕಿಲ್ಲ. ಮಳವಳ್ಳಿ ರಸ್ತೆಯ ಒಂದು ಮೋರಿಗೆ ಅದು ಮಹಾಭಾರ. ಇಂತಹ ದಾರಿಗೆ ಕಳುಹಿಸಬೇಕಾದ ಯಂತ್ರವನ್ನು ಕಾರ್ಖಾನೆಯಲ್ಲಿಯೇ ಭಾಗಭಾಗವಾಗಿ ಬಿಚ್ಚುವಂತೆ ರಚಿಸಬೇಕಾಗುತ್ತದೆ.

ಸಮುದ್ರ ದಾಟಿ ಬಂದ ವಸ್ತುವನ್ನು ಹಿಂದಿರುಗಿಸುವುದು ಸುಲಭವಲ್ಲವೆಂಬುದಕ್ಕೂ ಗಣಿಗಳೇ ಸಾಕ್ಷಿ. ಅಂದು ಬಂದ ಯಂತ್ರಗಳು ಸೆಕೆಂಡಿಗೆ 25 ಆವೃತ್ತಿಯವು. ನಾಡಿನ ವಿದ್ಯುಜ್ಜಾಲವು 50 ಆವೃತ್ತಿಗೆ ಹೊಂದಿಕೊಂಡ ಮೇಲೆಯೂ ಗಣಿಗಳಿಗೆ ಬಹುಕಾಲ 25 ಆವೃತ್ತಿಯ ವಿದ್ಯುತ್ತನ್ನೇ ಒದಗಿಸಬೇಕಾಯಿತು. ಒಂದು ಪೀಳಿಗೆಯ ಖರೀದಿ ಮುಂದಿನ ಪೀಳಿಗೆಗಳನ್ನು ಕಟ್ಟಿಹಾಕಿತು.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಬಂಗಾರಪೇಟೆಯ ಹಳಿಗಳು ಮಾತ್ರ ಬರಿದಾಗಿಲ್ಲ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿರುವ ಕಂಟೇನರ್ ಡಿಪೋವಿನಿಂದ ಚೆನ್ನೈ ಬಂದರಿಗೆ ಹೋಗುವ ಗಾಡಿಗಳು ಇದೇ ನಿಲ್ದಾಣವನ್ನು ಹಾಯುತ್ತವೆ. ಹಗುರವೂ ಬೆಲೆಯುಳ್ಳದೂ ಆದ ಎಲೆಕ್ಟ್ರಾನಿಕ್ ಸಾಮಗ್ರಿ ಇಂದು ವಿಮಾನವನ್ನು ಏರುವುದು ಹೆಚ್ಚು. ಭಾರವಾದುದಕ್ಕೆ ಈಗಲೂ ಹಡಗೇ ಗತಿ. 1956ರಲ್ಲಿ ಅಮೆರಿಕದಲ್ಲಿ ಆರಂಭವಾದ ಕಂಟೇನರ್ ಪದ್ಧತಿಯಿಂದ ಹಡಗು, ರೈಲು, ಲಾರಿಗಳಿಗೆ ಒಂದೇ ಪೆಟ್ಟಿಗೆ ಸಾಕಾಗಿ, ನಡುವೆ ಸರಕನ್ನು ಬಿಚ್ಚಿ ಹೇರುವ ಶ್ರಮ ತಪ್ಪಿದೆ. ಬೆಸುಗೆಯ ತಗಡಿನ ಸ್ಥಾನಕ್ಕೆ ಮುಚ್ಚಿದ ಲೋಹದ ಹಾಳೆಯೂ ತೇವ ಹೀರುವ ಸಿಲಿಕಾ ಜೆಲ್ ಚೀಲವೂ ಬಂದಿವೆ. ಶತ್ರು ಮಾತ್ರ ಅದೇ ತೇವ.

ಶೇಷಾದ್ರಿ ಅಯ್ಯರ್ ಅವರು 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡರು. ತಮ್ಮ ಯೋಜನೆಯ ಫಲವನ್ನು ಅವರು ಕಾಣಲಿಲ್ಲ. ಆದರೂ ಅವರ ಹೆಸರು ಉಳಿದಿದೆ. ಮದ್ದೂರಿನಿಂದ ಯಂತ್ರಗಳನ್ನು ಎಳೆದ ಗಾಡಿಯವರ, ಮಾವುತರ, ಕೂಲಿಗಳ ಹೆಸರನ್ನು ಯಾರೂ ಹೇಳುವುದಿಲ್ಲ. ಆದರೆ ಕಡಲಿನಾಚೆಯಿಂದ ಬಂದ ಯಂತ್ರಗಳು ದಡದಲ್ಲಿಯೇ ಉಳಿಯದೆ ಕಾವೇರಿಯನ್ನು ಸೇರಿದುದು ಅವರ ಭುಜಬಲದಿಂದ. ಸಾಗಣೆಯ ಚರಿತ್ರೆಯನ್ನು ಬರೆಯುವವರು ಹಡಗಿನೊಡನೆಯೇ ನಿಲ್ಲದೆ ಈ ಕೊನೆಯ 30 ಮೈಲಿಯನ್ನೂ ನಡೆಯಬೇಕೆಂಬುದು ನಮ್ಮ ವಿನಂತಿ.