ಗೋಡೆ ಕಟ್ಟಿದವನ ಹಕ್ಕು

ದರ್ಜಿಗೆ ಬಟ್ಟೆ ಕೊಟ್ಟು ಕೋಟು ಹೊಲಿಯಲು ಹೇಳುತ್ತೇವೆ. ಹೊಲಿಗೆ ಮುಗಿದ ದಿನ ಕೈ ಬೀಸಿಕೊಂಡು ಹೋಗಿ ಕೋಟು ಕೇಳಿದರೆ, "ಮೊದಲು ನನ್ನ ಮಜೂರಿ ಕೊಡಿ, ಸ್ವಾಮಿ" ಎನ್ನುತ್ತಾನೆ. ಹಾಗೆನ್ನುವ ಹಕ್ಕನ್ನು ಕಾನೂನೇ ಅವನಿಗೆ ಕೊಟ್ಟಿದೆ. ನಮ್ಮ 1872ರ ಕರಾರು ಕಾಯಿದೆಯ 170ನೆಯ ಕಲಮಿನಲ್ಲಿ ಇದಕ್ಕೆ ಎರಡು ನಿದರ್ಶನಗಳಿವೆ. ಒರಟು ವಜ್ರವನ್ನು ಕಡೆದು ಹೊಳಪು ಕೊಟ್ಟ ರತ್ನಪಡಿ ವ್ಯಾಪಾರಿ ತನ್ನ ಕೂಲಿ ಬರುವ ತನಕ ವಜ್ರವನ್ನು ಇಟ್ಟುಕೊಳ್ಳಬಹುದು. ಆದರೆ ಮೂರು ತಿಂಗಳ ಸಾಲದ ಮೇಲೆ ಕೋಟು ಹೊಲಿದುಕೊಡಲು ಒಪ್ಪಿದ ದರ್ಜಿ ಅದನ್ನು ತಡೆಹಿಡಿಯುವಂತಿಲ್ಲ. ಈ ತಡೆಹಿಡಿಯುವ ಹಕ್ಕಿಗೆ ವಕೀಲರು 'ಲೀನ್' ಎನ್ನುತ್ತಾರೆ.

ಕೋಟಿನ ಮಾತು ಸರಿ, ಗೋಡೆಯ ಮಾತೇನು? ಗೋಡೆ ಕಟ್ಟಿದ ಮೇಸ್ತ್ರಿ ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ಒಯ್ಯುವಂತಿಲ್ಲ. ನೆಲಕ್ಕೆ ಕೂರಿಸಿದ ಹಾಸುಗಲ್ಲು, ಗೋಡೆಯೊಳಗೆ ಹುದುಗಿಸಿದ ವಿದ್ಯುತ್ ತಂತಿ, ಬಳಿದ ಬಣ್ಣ ಎಲ್ಲವೂ ಕಟ್ಟಡದಲ್ಲಿ ಒಂದಾಗಿ ಹೋದವು. "ಮನೆ ಕಟ್ಟಿ ನೋಡು" ಎಂಬ ಗಾದೆಯನ್ನು ನಾವು ಮನೆ ಕಟ್ಟಿಸುವವನ ಕಷ್ಟಕ್ಕೆ ಮಾತ್ರ ಹೇಳಿಕೊಳ್ಳುತ್ತೇವೆ. ಕೈಯಾರೆ ಕಟ್ಟುವವನ ಕಷ್ಟವೂ ಅದರೊಳಗೆ ಇದೆ.

ಈ ಕಷ್ಟಕ್ಕೆ ಅಮೆರಿಕದಲ್ಲಿ ಬಹಳ ಹಿಂದೆಯೇ ಒಂದು ಉಪಾಯ ಹುಡುಕಿದರು. ವಾಷಿಂಗ್ಟನ್ ನಗರವನ್ನು ಹೊಸದಾಗಿ ಕಟ್ಟಬೇಕಾಗಿದ್ದ ಕಾಲದಲ್ಲಿ, 1791ರಲ್ಲಿ, ಮೇರಿಲ್ಯಾಂಡ್ ಸಂಸ್ಥಾನದ ಶಾಸನಸಭೆ ಕಟ್ಟುವವರ ಬಾಕಿಗೆ ಆ ಕಟ್ಟಡವನ್ನೇ ಆಧಾರವಾಗಿಸುವ ಕಾನೂನು ಮಾಡಿತು. ಇಂದು ಅಲ್ಲಿನ 50 ಸಂಸ್ಥಾನಗಳಲ್ಲಿಯೂ ಇಂಥ ಕಾನೂನುಗಳಿವೆ. ಕ್ಯಾಲಿಫೋರ್ನಿಯದಲ್ಲಂತೂ ಈ ಹಕ್ಕು ರಾಜ್ಯಾಂಗದಲ್ಲಿಯೇ ಸೇರಿದೆ. ಕೆಲಸಗಾರ ಗೋಡೆಯನ್ನು ಒಯ್ಯಬೇಕಾಗಿಲ್ಲ. ತನ್ನ ಬಾಕಿಯನ್ನು ಸರಕಾರಿ ದಫ್ತರಿನಲ್ಲಿ ಆ ಆಸ್ತಿಯ ಮೇಲೆ ದಾಖಲು ಮಾಡಿಸಿದರೆ, ಅಡಮಾನದ ಸಾಲದಂತೆ ಅದು ಆಸ್ತಿಗೆ ಅಂಟಿಕೊಳ್ಳುತ್ತದೆ. ಕಡೆಗೆ ಕೋರ್ಟಿನ ಮೂಲಕ ಆಸ್ತಿಯನ್ನು ಮಾರಿಸಿ ಹಣ ಪಡೆಯುವುದಕ್ಕೂ ದಾರಿಯುಂಟು.

ಆದರೆ ಹಕ್ಕಿದ್ದ ಮಾತ್ರಕ್ಕೆ ಹಣ ಕೈಗೆ ಬರುವುದಿಲ್ಲ. ಮನೆಯ ಯಜಮಾನನು ಮುಖ್ಯ ಕಂಟ್ರಾಕ್ಟರನೊಡನೆ ಕರಾರು ಮಾಡಿಕೊಳ್ಳುತ್ತಾನೆ. ಅವನು ಕೊಳಾಯಿ ಕೆಲಸವನ್ನು ಒಬ್ಬನಿಗೆ, ಬಣ್ಣದ ಕೆಲಸವನ್ನು ಇನ್ನೊಬ್ಬನಿಗೆ ಒಳಗುತ್ತಿಗೆ ಕೊಡುತ್ತಾನೆ. ಒಳಗುತ್ತಿಗೆದಾರನಿಗೆ ಸಾಮಾನು ಒದಗಿಸುವ ಅಂಗಡಿಯವನು ಮತ್ತೊಬ್ಬ. ಇವರಿಗೆಲ್ಲ ಪರಿಚಯವಿರುವುದು ತಮಗೆ ಕೆಲಸ ಹೇಳಿದವನೊಬ್ಬನೇ. ಆಸ್ತಿ ಯಾರದು, ಅದಕ್ಕೆ ಸಾಲ ಕೊಟ್ಟ ಬ್ಯಾಂಕು ಯಾವುದು, ಕಂಟ್ರಾಕ್ಟರನಿಗೆ ಎಷ್ಟು ಹಣ ಸಂದಿದೆ ಎಂಬುದು ಅವರಿಗೆ ತಿಳಿಯದು. ತಿಳಿಸಲು ಕಂಟ್ರಾಕ್ಟರನಿಗೂ ಮನಸ್ಸಿರುವುದಿಲ್ಲ. ತನ್ನ ಲಾಭದ ಅಂತರ ಬಯಲಾದೀತೆಂಬ ಅಂಜಿಕೆ ಒಂದು, ಯಜಮಾನ ಒಳಗುತ್ತಿಗೆದಾರನೊಡನೆ ನೇರ ವ್ಯವಹಾರಕ್ಕಿಳಿದಾನೆಂಬ ಸಂಶಯ ಇನ್ನೊಂದು.

ಆದ್ದರಿಂದಲೇ ಅಲ್ಲಿನ ಕಾನೂನು, ವಿವರ ತಿಳಿಸುವುದನ್ನು ಕಂಟ್ರಾಕ್ಟರನ ಮರ್ಜಿಗೆ ಬಿಡದೆ ಕರ್ತವ್ಯವನ್ನಾಗಿ ಮಾಡಿದೆ. ಕ್ಯಾಲಿಫೋರ್ನಿಯದಲ್ಲಿ ಒಳಗುತ್ತಿಗೆದಾರನು ಕೆಲಸ ಆರಂಭಿಸಿದ 20 ದಿನಗಳೊಳಗೆ ಯಜಮಾನನಿಗೆ, ಮುಖ್ಯ ಕಂಟ್ರಾಕ್ಟರನಿಗೆ, ಸಾಲ ಕೊಟ್ಟವರಿದ್ದರೆ ಅವರಿಗೆ ಒಂದು ಮುನ್ಸೂಚನೆ ಕಳಿಸಬೇಕು. ತಡವಾದರೆ, ಸೂಚನೆ ಕೊಟ್ಟ ದಿನಕ್ಕೆ 20 ದಿನಗಳ ಹಿಂದಿನವರೆಗಿನ ಕೆಲಸಕ್ಕೆ ಮಾತ್ರ ರಕ್ಷಣೆ. ಅದಕ್ಕೂ ಹಿಂದಿನ ದುಡಿಮೆಗೆ ಈ ಹಕ್ಕು ತಪ್ಪಿಹೋಗುತ್ತದೆ. ಅಂದಮೇಲೆ ಒಂದು ವಿಳಾಸ ಸಿಗದಿದ್ದರೆ ತಿಂಗಳ ದುಡಿಮೆಯೇ ನೀರುಪಾಲಾಗಬಹುದು. ಅದಕ್ಕೇ, ಯಜಮಾನನ ಮತ್ತು ಸಾಲಗಾರ ಸಂಸ್ಥೆಯ ಹೆಸರು ವಿಳಾಸಗಳನ್ನು ಸೂಚನೆ ಕೊಡಬಯಸುವ ಯಾರಿಗೇ ಆಗಲಿ ಮುಖ್ಯ ಕಂಟ್ರಾಕ್ಟರನು ಒದಗಿಸಬೇಕೆಂದು ನಿಯಮವಿದೆ. ಯಜಮಾನನಿಗೂ ಇಂಥ ಕರ್ತವ್ಯವುಂಟು. ಕಟ್ಟಡ ಮುಗಿಯಿತೆಂಬ ಪ್ರಕಟಣೆಯನ್ನು ಅವನು ದಾಖಲು ಮಾಡಿಸಿದರೆ ಒಳಗುತ್ತಿಗೆದಾರನಿಗೆ ಉಳಿಯುವ ಅವಧಿ 30 ದಿನ ಮಾತ್ರ. ಆದಕಾರಣ ಮುನ್ಸೂಚನೆ ಕೊಟ್ಟವರಿಗೆ ಅದರ ಪ್ರತಿಯನ್ನು 10 ದಿನಗಳೊಳಗೆ ತಲಪಿಸಬೇಕು.

ಕೆನಡದ ಒಂಟೇರಿಯೊ ಪ್ರಾಂತದ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 1983ರಲ್ಲಿ ಆದ ಆ ಕಾಯಿದೆಗೆ 2018ರಲ್ಲಿ ದೊಡ್ಡ ತಿದ್ದುಪಡಿಗಳಾದವು. ಅದರ 39ನೆಯ ಕಲಮಿನಂತೆ ಲೀನ್ ಹಕ್ಕುಳ್ಳವನು ಬರೆದು ಕೇಳಿದರೆ, ಕರಾರಿನ ಪಕ್ಷಗಳು ಯಾರು, ಕರಾರಿನ ಮೊತ್ತವೆಷ್ಟು, ಲೆಕ್ಕ ಎಲ್ಲಿಗೆ ಬಂದಿದೆ ಮೊದಲಾದ ವಿವರಗಳನ್ನು ಹೆಚ್ಚೆಂದರೆ 21 ದಿನಗಳಲ್ಲಿ ಒದಗಿಸಬೇಕು. ಒದಗಿಸದೆ ಅಥವಾ ಸುಳ್ಳು ಹೇಳಿ ಕೇಳಿದವನಿಗೆ ನಷ್ಟವಾದರೆ, ಅದನ್ನು ತುಂಬಿಕೊಡಬೇಕು.

ಇದರಿಂದ ಯಜಮಾನನಿಗೂ ಲಾಭವಿದೆ. ಕಂಟ್ರಾಕ್ಟರನಿಗೆ ಪೂರ್ತಿ ಹಣ ಕೊಟ್ಟ ಮೇಲೂ ಬಣ್ಣದವನ ಲೀನ್ ಬಂದರೆ ಒಂದೇ ಕೆಲಸಕ್ಕೆ ಎರಡು ಸಲ ಹಣ ತೆರಬೇಕಾದೀತು. ನಮ್ಮ ಅನೇಕ ಕುಟುಂಬಗಳ ಮಕ್ಕಳು ಆ ದೇಶದಲ್ಲಿ ಮನೆ ಮಾಡಿಕೊಂಡಿದ್ದಾರೆ. ಅಡಿಗೆಮನೆ ರಿಪೇರಿಯ ನಡುವೆ ಹೆಸರೇ ಕೇಳದ ಹಾಸುಗಲ್ಲಿನ ಅಂಗಡಿಯಿಂದ ಸೂಚನೆ ಬಂದರೆ ಅವರು ಗಾಬರಿಯಾಗಬೇಕಾಗಿಲ್ಲ, ಹರಿದು ಬಿಸಾಡಲೂ ಬಾರದು. ಅದು "ನಾನೂ ಇಲ್ಲಿ ದುಡಿಯುತ್ತಿದ್ದೇನೆ" ಎಂಬ ತಿಳಿವಳಿಕೆ. ಕಂತು ಕೊಡುವಾಗ ಆ ಅಂಗಡಿಯವನ ಬಾಕಿ ತೀರಿದ ಬಗ್ಗೆ ಹಕ್ಕುಬಿಡುಗಡೆಯ ಪತ್ರವನ್ನು ಕಂಟ್ರಾಕ್ಟರನಿಂದ ಕೇಳಿ ಪಡೆದರಾಯಿತು.

ಇನ್ನು ನಮ್ಮ ಮನೆಯ ಮಾತು. ನಮ್ಮ 170ನೆಯ ಕಲಮು ಕೈಯಲ್ಲಿರುವ ಸರಕಿಗೆ ಮಾತ್ರ ಅನ್ವಯಿಸುತ್ತದೆ. ಗೋಡೆಯ ತನಕ ಅದರ ಕೈ ಚಾಚುವುದಿಲ್ಲ. ಒಳಗುತ್ತಿಗೆದಾರನು ಸಾಮಾನ್ಯವಾಗಿ ತನಗೆ ಕೆಲಸ ಕೊಟ್ಟವನನ್ನೇ ಕೇಳಬೇಕು. 2006ರ ಸಣ್ಣ ಉದ್ಯಮಗಳ ಕಾಯಿದೆ ಒಂದು ಆಸರೆ. ಆ ಕಾಯಿದೆಯಂತೆ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಹಣ ಕೊಡುವ ಗಡುವು 45 ದಿನ ಮೀರಬಾರದು. ಮೀರಿದರೆ ರಿಜರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕು. ಆದರೆ ಸಾಮಾನು ಮತ್ತು ಮಜೂರಿ ಕೂಡಿದ ಕಟ್ಟಡದ ಗುತ್ತಿಗೆಗಳಿಗೆ ಇದು ಸಲ್ಲುವುದೇ ಎಂಬ ಬಗ್ಗೆ ಹೈಕೋರ್ಟುಗಳ ತೀರ್ಪುಗಳು ಒಂದೇ ತೆರನಾಗಿಲ್ಲ. ವಕೀಲರನ್ನು ಕೇಳಿಯೇ ಮುಂದುವರಿಯುವುದು ಲೇಸು.

ಕಾನೂನು ಕೊಡದಿದ್ದುದನ್ನು ಕರಾರಿನಲ್ಲಿ ಬರೆಸಿಕೊಳ್ಳಲು ಅಡ್ಡಿಯಿಲ್ಲ. ಮುಂಬಯಿ, ಪುಣೆಗಳಲ್ಲಿ ಒಳಗುತ್ತಿಗೆ ಹಿಡಿಯುವ ನಮ್ಮ ಬಂಧುಗಳು ಕೆಲಸಕ್ಕೆ ಕೈ ಹಚ್ಚುವ ಮುನ್ನ ನಾಲ್ಕು ಮಾತು ಬರೆಯಿಸಿಕೊಳ್ಳಲಿ: ಯಜಮಾನನ ಹೆಸರು ಮತ್ತು ವಿಳಾಸ, ಮುಖ್ಯ ಕರಾರಿನಲ್ಲಿ ತಮ್ಮ ಕೆಲಸಕ್ಕೆ ಸಂಬಂಧಿಸಿದ ಷರತ್ತುಗಳ ಪ್ರತಿ, ತಮ್ಮ ಕೆಲಸದ ಹಣ ಕಂಟ್ರಾಕ್ಟರನ ಕೈಸೇರಿದ ಕೂಡಲೆ ತಿಳಿಸುವ ಭರವಸೆ, ಮಾಡಿದ ಕೆಲಸದ ಅಳತೆಗೆ ಇಬ್ಬರ ರುಜು. ಹೌಸಿಂಗ್ ಸೊಸೈಟಿಗಳ ಕಮಿಟಿಯಲ್ಲಿರುವವರೂ ಕಟ್ಟಡಕ್ಕೆ ಬಣ್ಣ ಹೊಡೆಯಿಸುವಾಗ, ಒಳಗೆ ದುಡಿಯುವವರು ಯಾರು, ಅವರಿಗೆ ಹಣ ಸಂದಿತೇ ಎಂದು ಕಂಟ್ರಾಕ್ಟರನನ್ನು ಕೇಳಿ, ಆಮೇಲೆ ಕಡೆಯ ಚೆಕ್ಕಿಗೆ ರುಜು ಹಾಕಲಿ. ನಾವು ನೆರಳು ಪಡೆಯುವ ಸೂರು ಯಾರೊಬ್ಬರ ಕೂಲಿಯ ಬಾಕಿಯ ಮೇಲೂ ನಿಂತಿರಬಾರದು.