ವೈದ್ಯರ ನಿರಂತರ ಶಿಕ್ಷಣದಲ್ಲಿ ವೈದ್ಯಕೀಯ ನಿಯತಕಾಲಿಕದ ಪಾತ್ರ

ವೈದ್ಯಶಿಕ್ಷಣವು ಪದವಿಯೊಂದಿಗೆ ಮುಗಿಯುವುದಿಲ್ಲವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಪದವಿಯ ಅನಂತರದ ಕಲಿಕೆಯ ಸ್ವರೂಪ ಹೇಗಿರಬೇಕು, ಅದನ್ನು ಅಳೆಯುವ ಬಗೆ ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ಅಷ್ಟು ಸುಲಭವಲ್ಲ. ವರ್ಷಗಳು ಕಳೆದಂತೆ ವೈದ್ಯರ ಕೈಗುಣ ಹೆಚ್ಚುತ್ತದೆಂಬುದು ಜನರ ನಂಬಿಕೆ. 2005ರಲ್ಲಿ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿತು. ಅದು ಪರಿಶೀಲಿಸಿದ 62 ಮೌಲ್ಯಮಾಪನಗಳ ಪೈಕಿ 32ರಲ್ಲಿ, ಅಳೆದ ಎಲ್ಲ ಅಂಶಗಳಲ್ಲಿಯೂ, ವೃತ್ತಿಯ ವರ್ಷಗಳು ಹೆಚ್ಚಿದಂತೆ ಚಿಕಿತ್ಸೆಯ ಗುಣಮಟ್ಟ ಇಳಿದಿರುವುದು ಕಂಡುಬಂದಿತು. ಅನುಭವವು ರೋಗಿಯ ಮುಖವನ್ನು ಓದಲು ಕಲಿಸಬಹುದು. ಕಲಿತಿದ್ದ ಚಿಕಿತ್ಸೆಯು ಈ ನಡುವೆ ನಿರುಪಯುಕ್ತವೆಂದು ಸಿದ್ಧಪಟ್ಟಿರುವುದನ್ನು ಅದು ತಾನಾಗಿ ತಿಳಿಸಲಾರದು.

ಈ ಅರಿವನ್ನು ವೃತ್ತಿನಿಯಮವಾಗಿ ರೂಪಿಸಿದವರಲ್ಲಿ ಅಮೆರಿಕದ ಸಾಮಾನ್ಯ ವೈದ್ಯರು ಮೊದಲಿಗರು. 1947ರಲ್ಲಿ ಸ್ಥಾಪನೆಯಾದ ಸಾಮಾನ್ಯ ವೈದ್ಯರ ಅಕಾಡೆಮಿಯು ತನ್ನ ಸದಸ್ಯರು ಮೂರು ವರ್ಷಗಳಿಗೊಮ್ಮೆ 150 ಗಂಟೆಗಳ ಅಧ್ಯಯನವನ್ನು ಪೂರೈಸಬೇಕೆಂದು ವಿಧಿಸಿತು. 1950ರಲ್ಲಿ ಅದು ‘ಜಿಪಿ’ ಎಂಬ ಪತ್ರಿಕೆಯನ್ನು ಆರಂಭಿಸಿತು. ಅಕಾಡೆಮಿಯು 1971ರಲ್ಲಿ ಕುಟುಂಬ ವೈದ್ಯರ ಅಕಾಡೆಮಿ ಎಂಬ ಹೆಸರನ್ನು ತಳೆಯಿತು. ಪತ್ರಿಕೆಯೂ ‘ಅಮೆರಿಕನ್ ಫ್ಯಾಮಿಲಿ ಫಿಜಿಷಿಯನ್’ ಎಂದಾಯಿತು. ಹೊಸ ಸಂಶೋಧನೆಯನ್ನು ಮೊದಲ ಬಾರಿಗೆ ಪ್ರಕಟಿಸುವುದು ಇದರ ಮುಖ್ಯ ಕಾರ್ಯವಲ್ಲ. ಬೇರೆಡೆ ಪ್ರಕಟವಾದ ಸಂಶೋಧನೆಗಳನ್ನು ಒಟ್ಟುಗೂಡಿಸಿ, ತೂಗಿನೋಡಿ, ದಿನನಿತ್ಯ ರೋಗಿಗಳನ್ನು ಕಾಣುವ ವೈದ್ಯರಿಗೆ ಬಳಕೆಯಾಗುವಂತೆ ನಿರೂಪಿಸುವುದೇ ಇದರ ವೈಶಿಷ್ಟ್ಯ.

ಪತ್ರಿಕೆಯನ್ನು ಓದಿದ ಮಾತ್ರಕ್ಕೆ ಅದು ಶಿಕ್ಷಣವೆನಿಸುವುದಿಲ್ಲ. ಅಮೆರಿಕದ ವೈದ್ಯಸಂಘವು 1968ರಲ್ಲಿ ನಿರಂತರ ಶಿಕ್ಷಣಕ್ಕಾಗಿ ಮನ್ನಣೆಯ ಪದ್ಧತಿಯನ್ನು ಜಾರಿಗೆ ತಂದಿತು. ಅಲ್ಲಿ ಕಾಲಕ್ರಮದಲ್ಲಿ ರೂಪುಗೊಂಡ ನಿಯಮಗಳ ಪ್ರಕಾರ ಪತ್ರಿಕಾಧಾರಿತ ಕಲಿಕೆಗೆ ಮೂರು ಅಂಗಗಳಿವೆ: ಲೇಖನದ ಓದು, ಓದಿದ ವಿಷಯದ ಮನನ ಅಥವಾ ಚರ್ಚೆ, ಮೊದಲೇ ಸಿದ್ಧಪಡಿಸಿದ ಪ್ರಶ್ನೆಗಳಿಗೆ ಉತ್ತರ. ಈ ಮೂರೂ ನೆರವೇರಿದಾಗ ಮಾತ್ರ ವೈದ್ಯರಿಗೆ ಕ್ರೆಡಿಟ್ ಅಂಕ ದೊರೆಯುತ್ತದೆ. ಹೀಗೆ ಪ್ರಶ್ನೆಯು ಓದಿದ್ದಕ್ಕೆ ಸಾಕ್ಷಿಯೂ ಹೌದು, ಕಲಿಕೆಯ ಸಾಧನವೂ ಹೌದು. ತಿಳಿದಿದೆಯೆಂದು ಭಾವಿಸಿದ್ದ ವಿಷಯದಲ್ಲಿ ಉತ್ತರ ತಪ್ಪಿದಾಗಲೇ ಓದುಗನಿಗೆ ತನ್ನ ಕೊರತೆಯ ಅರಿವಾಗುತ್ತದೆ.

ಆದರೆ ಪ್ರಶ್ನೆಯು ಲೇಖನದಲ್ಲಿರುವುದನ್ನಷ್ಟೇ ಕೇಳಬಲ್ಲದು. ಲೇಖನದ ಆಧಾರವೇ ದುರ್ಬಲವಾಗಿದ್ದರೆ ಸರಿಯುತ್ತರವೂ ರೋಗಿಗೆ ಅಪಾಯಕಾರಿಯಾದೀತು. ಇದಕ್ಕೆ ನಿದರ್ಶನವಾಗಿ ಹೃದಯಾಘಾತದ ನಂತರ ಬಡಿತದ ಲಯ ತಪ್ಪಿದ ರೋಗಿಗಳ ಚಿಕಿತ್ಸೆಯನ್ನು ನೋಡಬಹುದು. ಇಂತಹ ರೋಗಿಗಳಲ್ಲಿ ಹಠಾತ್ ಮರಣದ ಸಂಭವ ಹೆಚ್ಚು. ಎನ್‌ಕೈನೈಡ್, ಫ್ಲೆಕೈನೈಡ್ ಮುಂತಾದ ಔಷಧಗಳು ಲಯದೋಷವನ್ನು ಅಡಗಿಸುತ್ತಿದ್ದವು. ಆದುದರಿಂದ ಅವು ಮರಣವನ್ನೂ ತಡೆಯುತ್ತವೆಂಬ ತರ್ಕ ಸಹಜವಾಗಿಯೇ ಇತ್ತು. 1989ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ‘ಕ್ಯಾಸ್ಟ್’ ಪ್ರಯೋಗದ ವರದಿಯು ಆ ತರ್ಕವನ್ನು ತಲೆಕೆಳಗು ಮಾಡಿತು. ಈ ಔಷಧಗಳನ್ನು ಪಡೆದ 730 ಮಂದಿಯಲ್ಲಿ 56 ಮಂದಿ ಮೃತಪಟ್ಟಿದ್ದರೆ, ಔಷಧಾಂಶವಿಲ್ಲದ ಹುಸಿಗುಳಿಗೆಯನ್ನು ಪಡೆದ 725 ಮಂದಿಯಲ್ಲಿ ಮೃತರ ಸಂಖ್ಯೆ 22 ಮಾತ್ರ. ಹೃದಯವಿದ್ಯುತ್ ಲೇಖನದಲ್ಲಿ ಗುಣ ಕಂಡಿತ್ತು. ರೋಗಿ ಮಾತ್ರ ಉಳಿಯಲಿಲ್ಲ.

ಇಂತಹ ಪಾಠಗಳ ಹಿನ್ನೆಲೆಯಲ್ಲಿ ಕುಟುಂಬ ವೈದ್ಯಕ್ಷೇತ್ರದ ಹಲವು ಪತ್ರಿಕೆಗಳ ಸಂಪಾದಕರು ಕೂಡಿ 2004ರಲ್ಲಿ ‘ಸಾರ್ಟ್’ ಎಂಬ ವರ್ಗೀಕರಣವನ್ನು ರೂಪಿಸಿದರು. ಇದರಲ್ಲಿ ಪ್ರತಿಯೊಂದು ಶಿಫಾರಸಿಗೂ ಎ, ಬಿ ಅಥವಾ ಸಿ ಎಂಬ ದರ್ಜೆ ಇರುತ್ತದೆ. ಆಯುಷ್ಯ, ನೋವು, ಬದುಕಿನ ಗುಣಮಟ್ಟ ಇವು ರೋಗಿಗೆ ನೇರವಾಗಿ ಸಂಬಂಧಿಸಿದ ಫಲಗಳು. ಇವುಗಳ ಬಗ್ಗೆ ಉತ್ತಮವೂ ಪರಸ್ಪರ ಹೊಂದುವಂಥದೂ ಆದ ಸಾಕ್ಷ್ಯವಿದ್ದರೆ ಎ ದರ್ಜೆ. ಅಂತಹ ಸಾಕ್ಷ್ಯ ಸೀಮಿತವಾಗಿದ್ದರೆ ಅಥವಾ ಒಂದಕ್ಕೊಂದು ಹೊಂದದಿದ್ದರೆ ಬಿ. ರೂಢಿ, ತಜ್ಞರ ಅಭಿಪ್ರಾಯ ಅಥವಾ ಪ್ರಯೋಗಾಲಯದ ಅಳತೆಗಳನ್ನಷ್ಟೇ ಆಧರಿಸಿದ್ದರೆ ಸಿ. ಲಯದೋಷ ಅಡಗಿತೆಂಬ ಒಂದೇ ಆಧಾರದಿಂದ ನೀಡುವ ಶಿಫಾರಸು ಈ ಕ್ರಮದಲ್ಲಿ ಸಿ ದರ್ಜೆಯನ್ನು ಮೀರಲಾರದು. ಏನನ್ನು ಮಾಡಬೇಕೆಂಬುದರ ಜೊತೆಗೆ ಆ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನೂ ಓದುಗ ಇಲ್ಲಿ ಕಲಿಯುತ್ತಾನೆ. ಪತ್ರಿಕೆಯು ನೀಡಬಹುದಾದ ಶಿಕ್ಷಣದ ತಿರುಳು ಇದೇ.

ಈ ಮಾಧ್ಯಮದ ಮಿತಿಯನ್ನೂ ಗಮನಿಸಬೇಕು. ಮುದ್ರಿತ ಶಿಕ್ಷಣಸಾಮಗ್ರಿಯನ್ನು ಕುರಿತ ಕಾಕ್ರೇನ್ ಸಮೀಕ್ಷೆಗಳು, ಅದೊಂದರಿಂದಲೇ ವೈದ್ಯರ ನಡವಳಿಕೆಯಲ್ಲಿ ಆಗುವ ಬದಲಾವಣೆ ಅಲ್ಪವೆಂದು ತೋರಿಸಿವೆ. ಓದು ಸಹೋದ್ಯೋಗಿಗಳ ಚರ್ಚೆಗೂ ಸ್ವಂತ ಚಿಕಿತ್ಸಾಕ್ರಮದ ಪರಾಮರ್ಶೆಗೂ ದಾರಿಮಾಡಿಕೊಟ್ಟಾಗ ಅದರ ಫಲ ಹೆಚ್ಚೀತು. ಔಷಧ ತಯಾರಕರ ಹಣ ಲೇಖನದ ತೀರ್ಮಾನವನ್ನು ಬಾಗಿಸುವ ಅಪಾಯವೂ ಉಂಟು. ಆದುದರಿಂದ ಲೇಖಕರ ಆರ್ಥಿಕ ಸಂಬಂಧಗಳನ್ನು ಬಹಿರಂಗಪಡಿಸುವುದು ಶಿಕ್ಷಣಪತ್ರಿಕೆಗಳಿಗೆ ಅನಿವಾರ್ಯವಾಗಿದೆ.

ಭಾರತದಲ್ಲಿ ವೈದ್ಯರ ವೃತ್ತಿನಡವಳಿಕೆಯನ್ನು ಕುರಿತ 2002ರ ನಿಯಮಾವಳಿಯು ಐದು ವರ್ಷಗಳಿಗೆ ಕನಿಷ್ಠ 30 ಗಂಟೆಗಳ ನಿರಂತರ ಶಿಕ್ಷಣವನ್ನು ಸೂಚಿಸಿತು. ಅದರ ಸ್ಥಾನದಲ್ಲಿ 2023ರಲ್ಲಿ ಪ್ರಕಟವಾದ ಹೊಸ ನಿಯಮಗಳನ್ನು ಅದೇ ಆಗಸ್ಟ್ ತಿಂಗಳಿನಲ್ಲಿ ತಡೆಹಿಡಿದು, ಹಳೆಯ ನಿಯಮಾವಳಿಯನ್ನೇ ಮತ್ತೆ ಅನ್ವಯಿಸಲಾಯಿತು. ಆ ನಿಯಮಾವಳಿಯ ಮಾತಿನಲ್ಲಿ ಗಂಟೆಗಳ ಲೆಕ್ಕ ವೃತ್ತಿಪರ ಸಭೆಗಳಲ್ಲಿ ಭಾಗವಹಿಸುವುದಕ್ಕೆ ಸಂಬಂಧಿಸಿದ್ದು. ಸಭೆಗಳಿಗೆ ತಮ್ಮದೇ ಆದ ಮಹತ್ತ್ವವಿದೆ. ಆದರೆ ಹೋಬಳಿಯೊಂದರಲ್ಲಿ ಒಂಟಿಯಾಗಿ ಚಿಕಿತ್ಸಾಲಯ ನಡೆಸುವ ವೈದ್ಯರು ಸಭೆಗಾಗಿ ನಗರಕ್ಕೆ ಹೊರಟರೆ ಅಂದು ಅಲ್ಲಿನ ರೋಗಿಗಳಿಗೆ ವೈದ್ಯರೇ ಇಲ್ಲದಂತಾಗುತ್ತದೆ. ಪತ್ರಿಕೆಯಾದರೋ ಅವರಿದ್ದಲ್ಲಿಗೇ ಬರುತ್ತದೆ. ಬಿಡುವಾದಾಗ ಓದಿಗೆ ಸಿಗುತ್ತದೆ. ಸಂದೇಹ ಬಂದಾಗ ಮರುಓದಿಗೂ ಒದಗುತ್ತದೆ.

ಆದುದರಿಂದ ನಿರಂತರ ಶಿಕ್ಷಣದ ಯೋಜನೆಯಲ್ಲಿ ಪತ್ರಿಕೆಗೆ ಸಲ್ಲಬೇಕಾದ ಸ್ಥಾನವನ್ನು ನಿರ್ಧರಿಸುವಾಗ ಗಂಟೆ ಮತ್ತು ಅಂಕಗಳ ಲೆಕ್ಕವೊಂದೇ ಸಾಲದು. ಓದಿದ ವೈದ್ಯರು ಯಾವ ಚಿಕಿತ್ಸೆಯನ್ನು ಕೈಬಿಟ್ಟರು, ಯಾವುದನ್ನು ಸ್ವೀಕರಿಸಿದರು, ಯಾವ ಆಧಾರದ ಮೇಲೆ ಹಾಗೆ ಮಾಡಿದರು ಎಂಬ ವಿಚಾರಣೆಯೂ ಅದರೊಂದಿಗೆ ಕೂಡಿಕೊಳ್ಳಬೇಕು. ಅಂಕವು ವೈದ್ಯರ ದಾಖಲೆಗೆ ಸೇರುತ್ತದೆ. ಕಲಿಕೆಯ ಫಲ ಮಾತ್ರ ರೋಗಿಗೆ ಸೇರಬೇಕಾದದ್ದು.